ಎಡಗಡೆಯ ಕಿಟಕಿ

"ಅದು ಹಿಡಿದಿಟ್ಟ ಸೀಟೈತ್ರಿ ಬಾಯಾರ. ಟವೆಲ್ ಕಾಣಲಿಲ್ಲೇನ್ರಿ?"

ಕಂಡಕ್ಟರ್ ಇಬ್ರಾಹಿಂಸಾಬ ಕೇಳಿದಾಗ ಸುಮಿತ್ರಾ ತಲೆ ಎತ್ತಲಿಲ್ಲ. ಡ್ರೈವರನ ಹಿಂದಿನ ಆ ಸೀಟಿನ ಮೇಲೆ ಚೌಕುಳಿ ಟವೆಲ್ ಇದ್ದದ್ದು ಅವಳಿಗೆ ಚೆನ್ನಾಗಿಯೇ ಕಂಡಿತ್ತು. ಕಂಡೂ ಅದನ್ನು ಮಡಚಿ ಪಕ್ಕಕ್ಕಿಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಕುಳಿತಿದ್ದಳು.

ಇಂಡಿಯ ಬಸ್ ನಿಲ್ದಾಣದಲ್ಲಿ ಇದು ಸಣ್ಣ ತಪ್ಪೇನಲ್ಲ. ಬಸ್ಸು ನಿಲ್ಲುವ ಮೊದಲೇ ಜನ ಓಡಿಬಂದು ಕಿಟಕಿಯಿಂದ ಟವೆಲ್ಲು, ಕೊಡೆ, ಚೀಲ, ಒಮ್ಮೊಮ್ಮೆ ಕೈಗೂಸನ್ನೂ ಒಳಗಿಳಿಸಿ ಸೀಟು ಹಿಡಿಯುತ್ತಾರೆ. ಆಮೇಲೆ ಚಹಾ ಕುಡಿದು, ಎಲೆಯಡಿಕೆ ಹಾಕಿಕೊಂಡು ಸಾವಕಾಶವಾಗಿ ಬಂದರೂ ಆ ಸೀಟು ಅವರದೇ. ಟವೆಲ್ ಎತ್ತಿದವರ ಜತೆ ಹೊಡೆದಾಟಗಳೇ ಆಗಿವೆ.

"ಇರ್ಲಿ ಬಿಡ್ರಿ ಇಬ್ರಾಹಿಂಸಾಬ್ರ. ಕುಂದರ್ಲಿ ಅವರು."

ಹಿಂದಿನಿಂದ ಬಂದ ದನಿ ಮೆತ್ತಗಿತ್ತು. ಸುಮಿತ್ರಾ ಈಗ ನೋಡಿದಳು. ಮೂವತ್ತು ದಾಟಿದ ಗಂಡಸು. ಎಡಗಾಲು ಎಳೆದು ನಡೆಯುತ್ತಿದ್ದ. ಟವೆಲ್ ತೆಗೆದುಕೊಂಡು ಹೆಗಲ ಮೇಲೆ ಹಾಕಿಕೊಂಡ. ಬಸ್ಸಿನಲ್ಲಿ ಉಳಿದಿದ್ದು ಒಂದೇ ಜಾಗ, ಎಡಗಡೆ ಮೂರನೆಯ ಸಾಲಿನಲ್ಲಿ ಕಿಟಕಿಯ ಪಕ್ಕ. ಅವನು ಅತ್ತ ಹೊರಟ.

"ಅಲ್ಲಿ ಕುಂದರಬ್ಯಾಡ್ರಿ."

ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಿದರು. ತಾನೇ ಹಾಗೆ ಕೂಗಿದ್ದೆಂದು ಸುಮಿತ್ರಾಗೆ ತಿಳಿಯಲು ಒಂದು ಕ್ಷಣ ಬೇಕಾಯಿತು.

"ಯಾಕ್ರಿ?" ಅವನು ಕೇಳಿದ. ಅವನ ಮುಖದಲ್ಲೂ ರಕ್ತ ಇರಲಿಲ್ಲ.

"ಬ್ಯಾರೆ ಕಡೆ ಕುಂದ್ರಿ..."

"ಬ್ಯಾರೆ ಕಡೆ ಜಾಗಾ ಎಲ್ಲೈತ್ರಿ? ಇದ್ದದ್ದೊಂದು ನೀವು ತಗೊಂಡೀರಿ."

ಅವನು ಸೀಟಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ನಿಧಾನವಾಗಿ ಕುಳಿತ. ಬಸವನ ಬಾಗೇವಾಡಿಯಲ್ಲಿ ತಾನು ಇಳಿಯುವವರೆಗೂ ಸುಮಿತ್ರಾ ಹತ್ತು ಸಲ ತಿರುಗಿ ನೋಡಿದಳು, ಅವನು ಇನ್ನೂ ಜೀವಂತ ಇದ್ದಾನೆಯೇ ಎಂದು.

ಅದು 1977ರ ಜನವರಿ. ಸೋಮವಾರ ಬೆಳಿಗ್ಗೆ ಏಳರ ಇಂಡಿ–ಮುದ್ದೇಬಿಹಾಳ ಎಕ್ಸ್‌ಪ್ರೆಸ್.

ಬಸ್ಸಿನಲ್ಲಿ ಸೀಟು ಆರಿಸುವುದಕ್ಕೆ ಒಬ್ಬೊಬ್ಬರದು ಒಂದೊಂದು ವಿಚಾರ. ಬಿಸಿಲು ಯಾವ ಕಡೆ ಬೀಳುತ್ತದೆಂದು ಅಂದಾಜು ಮಾಡಿ ನೆರಳಿನ ಕಡೆ ಕೂರುವ ಜಾಣರಿದ್ದಾರೆ. ಗಾಲಿಯ ಮೇಲಿನ ಸೀಟೆಂದರೆ ಸೊಂಟ ಹಿಡಿದುಕೊಳ್ಳುವವರಿದ್ದಾರೆ. ವಾಂತಿಯ ಹೆದರಿಕೆಗೆ ಕಿಟಕಿ ಬೇಡುವ ಬಸುರಿಯರು, ಚಳಿಗೆ ಇಂಜಿನ್ನಿನ ಹತ್ತಿರ ಸರಿಯುವ ಮುದುಕರು, ಕೋರ್ಟಿಗೆ ತಡವಾಯಿತೆಂದು ಬಾಗಿಲಿಗೇ ಅಂಟಿಕೊಳ್ಳುವವರು...

ಸುಮಿತ್ರಾ ನೋಡುತ್ತಿದ್ದುದು ಒಂದನ್ನೇ. ಬಸ್ಸು ಎಲ್ಲಾದರೂ ಬಡಿದರೆ ಎಲ್ಲಿ ಕೂತವರು ಉಳಿಯುತ್ತಾರೆ?

ಡ್ರೈವರನ ಹಿಂದೆ ಕೂತವರು. ಗಂಡಾಂತರದಲ್ಲಿ ಡ್ರೈವರನ ಕೈ ತನ್ನ ಕಡೆಯನ್ನು ಉಳಿಸಿಕೊಳ್ಳುವಂತೆಯೇ ತಿರುಗುತ್ತದೆ. ಮೂರು ವರ್ಷದ ಹಿಂದೆ, ಇಂಥದೇ ಸೋಮವಾರ, ಇದೇ ಬಸ್ಸು ಸಿಂದಗಿ ದಾಟಿದ ಮೇಲೆ ಎದುರಿನ ಲಾರಿಗೆ ದಾರಿ ಬಿಡಲು ಹೋಗಿ ಎಡಕ್ಕೆ ಸರಿದು ಬೇವಿನ ಮರಕ್ಕೆ ಬಡಿದಿತ್ತು. ತುಂಬಿದ ಬಸ್ಸಿನಲ್ಲಿ ಸತ್ತವನು ಒಬ್ಬನೇ. ಎಡಗಡೆ ಮೂರನೆಯ ಸಾಲಿನ ಕಿಟಕಿಯ ಪಕ್ಕ ಕೂತಿದ್ದ ಗುರುಲಿಂಗ, ಅವಳ ಗಂಡ. ಮದುವೆಯಾಗಿ ನಾಲ್ಕು ತಿಂಗಳಾಗಿತ್ತು.

*

ಮುಂದಿನ ಸೋಮವಾರ ಡ್ರೈವರನ ಹಿಂದೆ ಅದೇ ಚೌಕುಳಿ ಟವೆಲ್. ಸುಮಿತ್ರಾ ನಾಚಿಕೆಯಿಂದ ಹಿಂದಕ್ಕೆ ಸರಿದಳು.

"ಕುಂದ್ರಿ ಬಾಯಾರ. ನಿಮಗಂತ ಹಿಡಿದೇನಿ."

"ನನಗ್ಯಾಕ್ರಿ? ನಿಮ್ಮ ಗುರುತು ಪರಿಚಯ ಸುದ್ದಾ ಇಲ್ಲ."

"ಶಂಕರೆಪ್ಪ ಅಂತಾರ್ರಿ. ಅಗರಖೇಡದಾಂವ. ಮುದ್ದೇಬಿಹಾಳದಾಗ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯೊಳಗ ಫಿಟರ್ ಅದೇನಿ. ಮೂರು ವರ್ಷ ಮನ್ಯಾಗ ಇದ್ದೆ, ಈಗ ಮತ್ತ ಕೆಲಸಕ್ಕ ಹೊಂಟೇನಿ." ಇಷ್ಟು ಹೇಳಿ, "ಆತಲ್ಲ ಪರಿಚಯ? ಕುಂದ್ರಿ" ಎಂದ.

ತಾನು ಮಾತ್ರ ಹೋಗಿ ಆ ಎಡಗಡೆಯ ಕಿಟಕಿಗೇ ಕುಳಿತ. ಬೇರೆ ಸೀಟು ಖಾಲಿ ಇದ್ದರೂ ಅಲ್ಲೇ. ಯಾಕೆಂದು ಕೇಳಿದರೆ, "ಗಾಳಿ ಚಲೋ ಬರ್ತೈತ್ರಿ" ಎಂದುಬಿಡುತ್ತಿದ್ದ.

ಹೀಗೆ ವಾರಗಳು ಕಳೆದವು. ಸುಮಿತ್ರಾ ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿ. ವಾರವೆಲ್ಲ ಅಲ್ಲಿದ್ದು, ಶನಿವಾರ ಇಂಡಿಗೆ ಅತ್ತೆ ಸಿದ್ದವ್ವನ ಬಳಿ ಬಂದು, ಸೋಮವಾರ ಮರಳುತ್ತಾಳೆ. ಸಿಂದಗಿಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಶಂಕರೆಪ್ಪ ಕುಂಟುತ್ತಲೇ ಇಳಿದು, ಚಹಾದ ಗ್ಲಾಸು ತಂದು ಅವಳ ಕಿಟಕಿಯೊಳಗೆ ಚಾಚುತ್ತಿದ್ದ. ಅವನ ಕೂದಲಲ್ಲಿ ಯಾವಾಗಲೂ ಒಂದೆರಡು ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು.

"ತಲ್ಯಾಗ ಹತ್ತಿ ಬೆಳ್ಯಾಕತ್ತೀರೇನ್ರಿ?" ಒಮ್ಮೆ ಅವಳ ಬಾಯಿಂದ ಜಾರಿತು.

"ಹೊಲದಾಗ ಬೆಳೀವಲ್ದು, ಇಲ್ಲ್ಯಾರ ಬೆಳೀಲಿ ಬಿಡ್ರಿ."

ಅವಳು ನಕ್ಕಳು. ನಕ್ಕವಳು ಗಾಬರಿಯಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂರು ವರ್ಷದಲ್ಲಿ ಇದೇ ಮೊದಲ ನಗು. ಅದೂ ಈ ಬಸ್ಸಿನಲ್ಲಿ... ಛೀ, ಎಂಥವಳು ನಾನು, ಎಂದು ತನ್ನನ್ನೇ ಬೈದುಕೊಂಡಳು. ಆದರೆ ಆ ವಾರವೆಲ್ಲ ಅವಳ ಮನಸ್ಸು ಸೋಮವಾರದ ಕಡೆಗೇ ಓಡುತ್ತಿತ್ತು.

ಸಿಂದಗಿ ಬಿಟ್ಟ ಮೇಲೆ ಮಾತು ನಿಲ್ಲುತ್ತಿತ್ತು. ಅಲ್ಲಿಂದ ಸುಮಿತ್ರಾ ಕಣ್ಣು ಮುಚ್ಚಿ, ಎದುರಿನ ಕಂಬಿ ಹಿಡಿದು ಕುಳಿತುಬಿಡುತ್ತಿದ್ದಳು. ಮೊದಲು ಆ ಬೇವಿನ ಮರ ಬರುತ್ತದೆ. ಆಮೇಲೆ ಎರಡು ಮೈಲಿಗೆ ಬನ್ನಿಗಿಡದ ಫಾಟಾ, ಊರೊಳಗಿನ ದಾರಿ ಬಂದು ಕೂಡುವ ಜಾಗ. ಎರಡನ್ನೂ ಅವಳು ನೋಡಲಾರಳು. ಮೂರನೆಯ ವಾರವೋ ನಾಲ್ಕನೆಯ ವಾರವೋ, ಕಣ್ಣು ಮುಚ್ಚಿದ್ದವಳ ಕಿವಿಯ ಬಳಿ ಮೆತ್ತನೆಯ ದನಿ ಕೇಳಿತು.

"ಫಾಟಾ ದಾಟ್ತ್ರಿ ಬಾಯಾರ."

ಅವಳು ಕಣ್ಣು ಬಿಟ್ಟಳು. ಶಂಕರೆಪ್ಪ ಆಗಲೇ ತನ್ನ ಸೀಟಿನತ್ತ ಕುಂಟುತ್ತ ಹೋಗುತ್ತಿದ್ದ. ಅಂದಿನಿಂದ ಪ್ರತಿ ವಾರ ಎದ್ದು ಬಂದು ಅಷ್ಟೇ ಹೇಳಿ ಹೋಗುತ್ತಿದ್ದ. ಅವಳ ಕಣ್ಣಲ್ಲಿ ನೀರು ತುಂಬುತ್ತಿತ್ತು. ಕೇಳದೆಯೇ ತನ್ನ ಕಷ್ಟ ತಿಳಿಯುವ ಜೀವ ಒಂದಿದೆಯಲ್ಲ ಎಂದು ಹಾಯೆನಿಸುತ್ತಿತ್ತು. ಫಾಟಾದ ವಿಷಯ ತಾನು ಅವನಿಗೆ ಹೇಳಿಯೇ ಇಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಮನೆಯಲ್ಲಿ ಮಾತ್ರ ಹಳೆಯ ಕಥೆಯೇ. ರೊಟ್ಟಿ ಬಡಿಯುತ್ತ ಬಡಿಯುತ್ತ ಸಿದ್ದವ್ವನ ಕೈ ನಿಂತುಬಿಡುತ್ತಿತ್ತು.

"ನನ್ನ ಮಗ ಸಣ್ಣಾಂವ ಇದ್ದಾಗಿಂದ ಡ್ರೈವರನ ಹಿಂದ ಕುಂದರಾಂವ. ಗೇರ್ ಹಾಕೂದು ನೋಡ್ಕೋತ ಕುಂದರ್ತಿದ್ದ. ಆವತ್ತ ಯಾಕ ಎಡಕ್ಕ ಕುಂತನೋ ಏನೋ..."

ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ ಅದು. ಒಲೆಯನ್ನು ಕೇಳುತ್ತಿದ್ದಳು, ಗೋಡೆಯನ್ನು ಕೇಳುತ್ತಿದ್ದಳು. ಸುಮಿತ್ರಾ ಪ್ರತಿ ಸಲ ತಲೆ ಬಗ್ಗಿಸಿ ಹೊರಗೆ ಹೋಗುತ್ತಿದ್ದಳು. ಉತ್ತರ ಅವಳಿಗೆ ಗೊತ್ತಿತ್ತು. ಜಗತ್ತಿನಲ್ಲಿ ತನಗೊಬ್ಬಳಿಗೇ ಗೊತ್ತೆಂದು ಅವಳು ತಿಳಿದಿದ್ದಳು.

*

ಮಾರ್ಚಿನ ಒಂದು ಸೋಮವಾರ ಟವೆಲ್ ಇತ್ತು, ಶಂಕರೆಪ್ಪ ಇರಲಿಲ್ಲ.

"ಕಾಲು ಬ್ಯಾನಿ ಹೆಚ್ಚಾಗಿ ದವಾಖಾನಿಗೆ ಹೋಗ್ಯಾನ್ರಿ," ಇಬ್ರಾಹಿಂಸಾಬ ಟಿಕೆಟ್ ಹರಿಯುತ್ತ ಹೇಳಿದ. "ನಿಮಗ ಸೀಟು ಹಿಡೀರಿ ಅಂತ ಟವೆಲ್ ಮಾತ್ರ ನನ್ನ ಕೈಗೆ ಕಳಿಸ್ಯಾನ."

"ಅವರ ಕಾಲಿಗೆ ಏನಾಗಿತ್ರಿ?"

ಇಬ್ರಾಹಿಂಸಾಬ ಅವಳ ಮುಖ ನೋಡಿದ. "ನಿಮಗ ಅಂವ ಹೇಳಿಲ್ಲೇನ್ರಿ? ಆವತ್ತ ನಿಮ್ಮ ಮನಿಯವರ ಬಾಜೂಕ ಕುಂತಾಂವ ಇವನ ಅಲ್ಲೇನ್ರಿ. ನಾನ ಆ ಬಸ್ಸಿನ ಕಂಡಕ್ಟರ್ ಇದ್ದೆ. ಕಿಡಕಿ ಇವನು ಟವೆಲ್ ಹಾಕಿ ಹಿಡದದ್ದು. ನಿಮ್ಮವರು ಕೇಳಿದ್ರು, ಎದ್ದು ಕೊಟ್ಟ. ನೀವು ಯಾರಂತ ಜನವರ್ಯಾಗ ನಾನ ಅವಗ ಹೇಳಿದೆ. ಪಾಪ, ಅವತ್ತಿನಿಂದ ಆ ಕಿಡಕಿ ಬಿಟ್ಟು ಬ್ಯಾರೆ ಕಡೆ ಕುಂತಿಲ್ಲ."

ಸುಮಿತ್ರಾಗೆ ಮುಂದಿನದು ಕೇಳಿಸಲಿಲ್ಲ.

ಮರುವಾರ ಸಿಂದಗಿಯಲ್ಲಿ ಅವನು ಚಹಾ ತಂದಾಗ ಅವಳು ಗ್ಲಾಸು ತೆಗೆದುಕೊಳ್ಳಲಿಲ್ಲ. ಕೆಳಗಿಳಿದು ಬಸ್ಸಿನ ಹಿಂದೆ ಹೋಗಿ ನಿಂತಳು. ಅವನೂ ಬಂದ.

"ಆ ಕಿಡಕಿ ನಿಮ್ಮದಿತ್ತಂತ, ಖರೇನ?"

"ಖರೇರಿ."

"ಅವರು ಯಾಕ ಕೇಳಿದ್ರು?"

ಅವನು ನೆಲ ನೋಡಿದ. "ವಾಂತಿ ಬಂದಂಗ ಆಗ್ತೈತಿ ಅಂದ್ರು."

ಸುಳ್ಳು. ಗುರುಲಿಂಗನಿಗೆ ಬಸ್ಸಿನಲ್ಲಿ ಯಾವತ್ತೂ ವಾಂತಿ ಬಂದದ್ದಿಲ್ಲ. ಆ ಒಂದು ಸುಳ್ಳಿನಿಂದ ಸುಮಿತ್ರಾಗೆ ಎಲ್ಲ ತಿಳಿಯಿತು. 'ಫಾಟಾ ದಾಟ್ತ್ರಿ' ಅಂತ ಇವನು ಹೇಗೆ ಹೇಳುತ್ತಿದ್ದ? ಫಾಟಾದ ಮಾತು ಇವನಿಗೆ ಯಾರು ಹೇಳಿದ್ದರು? ಸಾಯುವ ಮೊದಲು ಗುರುಲಿಂಗನೇ ಹೇಳಿರಬೇಕು. ಅಂದರೆ ಇವನಿಗೆ ಗೊತ್ತು. ಗಂಡನನ್ನು ಆ ಕಿಟಕಿಗೆ ಕೂರಿಸಿದವಳು ನಾನೇ ಎಂಬುದು ಇವನಿಗೆ ಮೊದಲಿನಿಂದ ಗೊತ್ತು...

"ಮೂರು ತಿಂಗಳು ನನ್ನ ಮುಖಾ ನೋಡ್ಕೋತ ಕುಂತಿದ್ರಿ. ಏನಂತ ನೋಡಿದ್ರಿ? ಗಂಡನ್ನ ನುಂಗಿದಾಕಿ ಅಂತನ? ಚಹಾ ತಂದು ಕೊಟ್ಟದ್ದು ಕನಿಕರಕ್ಕನ?"

"ಬಾಯಾರ, ಹಂಗಲ್ರಿ..."

"ನಿಮ್ಮ ಪಾಪ ತೊಳಕೊಳ್ಳಾಕ ನನಗ ಸೀಟು ಹಿಡದ್ರಿ. ಇನ್ನ ಹಿಡೀಬ್ಯಾಡ್ರಿ."

ಚಹಾ ಅವನ ಕೈಯಲ್ಲೇ ತಣ್ಣಗಾಯಿತು. ಅಂದು ಬಸ್ಸು ಫಾಟಾ ದಾಟಿದಾಗ ಅವಳ ಕಿವಿಯ ಬಳಿ ಯಾರೂ ಬರಲಿಲ್ಲ. ಬಾಗೇವಾಡಿ ಬರುವವರೆಗೂ ಸುಮಿತ್ರಾ ಕಣ್ಣು ಮುಚ್ಚಿಯೇ ಕುಳಿತಿದ್ದಳು.

*

ಆಮೇಲೆ ಅವಳು ಸೋಮವಾರದ ಎಕ್ಸ್‌ಪ್ರೆಸ್ ಬಿಟ್ಟು, ಭಾನುವಾರ ಮಧ್ಯಾಹ್ನದ ಸಾದಾ ಬಸ್ಸು ಹಿಡಿಯತೊಡಗಿದಳು. ಒಂದು ವಾರ, ಎರಡು ವಾರ, ಮೂರು ವಾರ. ಅವನ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಇಳಿದರೆ ಅವನ ಕೂದಲಿನ ಹತ್ತಿಯ ಎಳೆ ನೆನಪಾಗುತ್ತಿತ್ತು, ಮತ್ತೆ ಅಳು ಬರುತ್ತಿತ್ತು.

ನಾಲ್ಕನೆಯ ಶನಿವಾರ ಸಂಜೆ ಸಿದ್ದವ್ವ ಜೋಳ ಹಸನು ಮಾಡುತ್ತ ಮೊರವನ್ನು ಕೆಳಗಿಟ್ಟಳು.

"ಡ್ರೈವರನ ಹಿಂದ ಕುಂದರಾಂವ ನನ್ನ ಮಗ. ಆವತ್ತ ಯಾಕ ಎಡಕ್ಕ..."

"ನಾ ಹೇಳಿದ್ದೆ ಅತ್ತಿ."

ಸಿದ್ದವ್ವ ತಿರುಗಿದಳು.

"ಎಡಗಡೆ ಕಿಡಕಿಗೆ ಕುಂದರ್ರಿ ಅಂತ ನಾನ ಹೇಳಿದ್ದೆ." ಸುಮಿತ್ರಾಳ ದನಿ ಒಡೆಯಿತು. "ಆಗ ನನಗ ಫಾಟಾದ ಹಳ್ಳಿ ಸಾಲಿ ಇತ್ತಲ್ಲ. ಐತವಾರ ಸಂಜಿಗೆ ನಾ ಹೋಗ್ತಿದ್ದೆ, ಸೋಮವಾರ ಅವರು ಮುದ್ದೇಬಿಹಾಳದ ಕಚೇರಿಗೆ ಹೊಂಡ್ತಿದ್ರು. ಎಕ್ಸ್‌ಪ್ರೆಸ್ ಫಾಟಾಕ್ಕ ನಿಲ್ಲೂದಿಲ್ಲ. ನಾ ರಸ್ತೆ ಬಾಜೂಕ ನಿಂತಿರ್ತಿದ್ದೆ. ಅವರು ಕಿಡಕಿಯಿಂದ ಕೈ ಮಾಡಿ ಹೋಗ್ತಿದ್ರು. ಬಲಕ್ಕ ಕುಂತ್ರ ನನಗ ಕಾಣೂದಿಲ್ಲ, ಎಡಕ್ಕ ಕುಂದರ್ರಿ ಅಂತ ಹಟ ಹಿಡದಿದ್ದೆ. ಆವತ್ತ ಸುದ್ದಿ ಬರೂತನಾ ಅಲ್ಲೇ ನಿಂತಿದ್ದೆ ಅತ್ತಿ... ಬಸ್ಸು ಬರಲೇ ಇಲ್ಲ."

ಮುಂದಿನದನ್ನೂ ಹೇಳಿದಳು. ಶಂಕರೆಪ್ಪ, ಟವೆಲ್, ಸಿಂದಗಿಯ ಮಾತು, ಏನನ್ನೂ ಬಿಡಲಿಲ್ಲ.

ಸಿದ್ದವ್ವ ಮೊರದೊಳಗಿನ ಜೋಳವನ್ನು ಮತ್ತೆ ಆರಿಸತೊಡಗಿದಳು. ಏಟು ಬೀಳಬಹುದು, ಮನೆಯಿಂದ ಹೊರಗೆ ಹೋಗು ಎನ್ನಬಹುದು. ಎಲ್ಲಕ್ಕೂ ಸಿದ್ಧಳಾಗಿ ಸುಮಿತ್ರಾ ನೆಲ ನೋಡುತ್ತ ಕುಳಿತಿದ್ದಳು.

"ಮೂರು ವರ್ಷ ಕೇಳೇನಿ," ಸಿದ್ದವ್ವ ಕೊನೆಗೆ ಹೇಳಿದಳು. "ಬಾಯಿ ಬಿಡಲಿಲ್ಲ ನೀ."

"ತಪ್ಪಾತು ಅತ್ತಿ."

"ಸಿಟ್ಟು ಬಂದೈತಿ ನನಗ. ಹೋಗೂದಿಲ್ಲ ಇದು ಇವತ್ತಿಗೆ." ಮುದುಕಿ ಕಣ್ಣೊರೆಸಿಕೊಂಡಳು. "ಆದ್ರ ನನ್ನ ಮಗ ಯಾರದೋ ಜುಲುಮಿಗೆ ಕುಂತಿದ್ನೋ, ಸಂತೋಷಲೆ ಕುಂತಿದ್ನೋ? ಅದನ್ನ ನೋಡಿದಾಂವ ಒಬ್ಬನ ಅದಾನ. ಸೋಮವಾರ ಆ ಬಸ್ಸಿಗೆ ಹೋಗು. ಕಡೀಕ ನನ್ನ ಮಗ ಏನಂದ ಅಂತ ಕೇಳ್ಕೊಂಡು ಬಾ. ಅಲ್ಲೀತನಾ ನನಗ ಏನೂ ಹೇಳಬ್ಯಾಡ."

*

ಸೋಮವಾರ ಬೆಳಿಗ್ಗೆ ಡ್ರೈವರನ ಹಿಂದಿನ ಸೀಟಿನ ಮೇಲೆ ಚೌಕುಳಿ ಟವೆಲ್ ಬಿದ್ದಿತ್ತು.

"ನೀವು ಬಿಟ್ಟಾಗಿನಿಂದ ಖಾಲಿ ಹೊಂಟೈತ್ರಿ," ಇಬ್ರಾಹಿಂಸಾಬ ಮೆಲ್ಲಗೆ ಹೇಳಿದ. "ಮಂದಿ ನನ್ನ ಕೂಡ ಜಗಳಾ ತೆಗೀತಾರ. ಅಂವ ಎರಡು ಟಿಕೆಟ್ ತಗೊಂಡು ಕುಂದರ್ತಾನ, ಯಾರಿಗೂ ಬಿಡವಲ್ಲ."

ಸುಮಿತ್ರಾ ಟವೆಲ್ ಎತ್ತಿಕೊಂಡಳು. ಆದರೆ ಅಲ್ಲಿ ಕೂರಲಿಲ್ಲ. ನೇರ ಎಡಗಡೆಯ ಮೂರನೆಯ ಸಾಲಿಗೆ ಹೋಗಿ ನಿಂತಳು. ಶಂಕರೆಪ್ಪ ಸೊರಗಿದ್ದ, ಗಡ್ಡ ಬೆಳೆದಿತ್ತು. ಅವಳನ್ನು ನೋಡಿ ಏಳಲು ಹೋದ.

"ಈಚೆ ಸರೀರಿ. ಕಿಡಕಿ ನನಗ ಬೇಕು."

"ಬ್ಯಾಡ್ರಿ. ಅಲ್ಲಿ ಕುಂದರಬ್ಯಾಡ್ರಿ ನೀವು."

"ಕೇಳಿದವರಿಗೆ ನೀವು ಕೊಡ್ತೀರಿ ಅಂತ ಕೇಳೇನಿ."

ಮಾತು ಎಷ್ಟು ಕ್ರೂರವಾಗಿತ್ತೆಂದು ಅವಳಿಗೂ ಗೊತ್ತಿತ್ತು. ಅವನು ಕಂಬಿ ಹಿಡಿದು ಸರಿದ. ಅವಳು ಅವನನ್ನು ದಾಟಿ ಕಿಟಕಿಯ ಪಕ್ಕ ಕುಳಿತಳು. ಬಸ್ಸು ಹೊರಟಿತು. ಸಿಂದಗಿಯಲ್ಲಿ ಇಬ್ಬರೂ ಇಳಿಯಲಿಲ್ಲ.

"ಅತ್ತಿ ಕೇಳಿ ಕಳಿಸ್ಯಾರ," ಬಸ್ಸು ಮತ್ತೆ ಹೊರಟಾಗ ಸುಮಿತ್ರಾ ಹೇಳಿದಳು. "ಕಡೀಕ ಅವರು ಏನಂದ್ರು? ಈ ಸಲ ಖರೇ ಹೇಳ್ರಿ. ಎಡಕ್ಕ ಕುಂದರ್ರಿ ಅಂದಾಕಿ ನಾನ ಅಂತ ಅತ್ತಿಗೆ ಹೇಳೇನಿ."

ಶಂಕರೆಪ್ಪ ಅವಳನ್ನು ದಿಟ್ಟಿಸಿ ನೋಡಿದ. ಇಷ್ಟು ದಿನ ತಾನು ಅವಳಿಂದ ಮುಚ್ಚಿಟ್ಟ ಗುಟ್ಟು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತೆಂದು ಅವನಿಗೆ ಈಗ ತಿಳಿಯಿತು.

"ನಿಮಗ ಗೊತ್ತಿಲ್ಲ ಅನ್ಕೊಂಡಿದ್ದೆ ಬಾಯಾರ. ಗೊತ್ತಾದ್ರ ನೀವು ಬದುಕೂದಿಲ್ಲ ಅಂತ ಸುಳ್ಳು ಹೇಳಿದೆ."

"ಹೇಳ್ರಿ."

"ಸಿಂದಗಿ ಬಿಟ್ಟ ಕೂಡಲೆ ಎದ್ದು ನನ್ನ ಬಾಜೂಕ ಬಂದು ಕುಂತ್ರು. 'ಅಣ್ಣಾ, ಒಂದೀಟು ಕಿಡಕಿ ಕೊಡ್ರಿ, ಫಾಟಾದಾಗ ನನ್ನ ಹೆಂಡ್ತಿ ನಿಂತಿರ್ತಾಳ' ಅಂದ್ರು. ನಾ ಚ್ಯಾಷ್ಟಿ ಮಾಡಿದೆ. 'ಹೆಂಡ್ತಿ ಹುಕುಂ ಏನ್ರಿ?' ಅಂದೆ." ಅವನ ದನಿ ಸಣ್ಣಗಾಯಿತು. "ನಕ್ಕ್ರು. 'ಆಕಿ ಹುಕುಂ ಅಂತ ಆಕಿ ತಿಳಕೊಂಡಾಳ. ಮಂಗಳವಾರದಿಂದ ಇದೊಂದಕ್ಕ ದಿನಾ ಎಣಿಸ್ತೇನಿ ನಾ' ಅಂದ್ರು. ಆಮ್ಯಾಲೆ ನನ್ನ ಹಣಿಗಿ ಇಸಗೊಂಡು ತಲಿ ಬಾಚ್ಕೊಂಡ್ರು. ಹಣಿಗಿ ಇನ್ನೂ ಕೈಯಾಗ ಇತ್ತು..."

ಕಿಟಕಿಯ ಹೊರಗೆ ಬೇವಿನ ಮರ ಹಾದುಹೋಯಿತು. ಸುಮಿತ್ರಾ ಈ ಸಲ ಕಣ್ಣು ಮುಚ್ಚಲಿಲ್ಲ. ಮರದ ತೊಗಟೆಯ ಮೇಲಿನ ಗಾಯ ಹೆಚ್ಚೂಕಡಿಮೆ ಮುಚ್ಚಿಹೋಗಿತ್ತು. ಅವಳು ಟವೆಲ್ಲಿನಲ್ಲಿ ಮುಖ ಹುದುಗಿಸಿ ಅತ್ತಳು. ತನಗೆ ಕೈ ಮಾಡಲು ತಲೆ ಬಾಚಿಕೊಂಡ ಆ ಮನುಷ್ಯನಿಗಾಗಿ ಅವಳು ಮನಸಾರೆ ಅತ್ತದ್ದು ಅಂದೇ. ಅಲ್ಲಿಯವರೆಗೆ ತನ್ನ ತಪ್ಪಿಗಾಗಿಯೇ ಅತ್ತಿದ್ದಳು.

"ಮೊದಮೊದಲ ನನ್ನ ತಪ್ಪಿಗೆ ಟವೆಲ್ ಹಾಕಿದ್ದು ಖರೇ," ಶಂಕರೆಪ್ಪ ಕೈ ಜೋಡಿಸಿಕೊಂಡು ಹೇಳಿದ. "ನೀವು ನಕ್ಕ ದಿವಸದಿಂದ ಹಂಗ ಉಳೀಲಿಲ್ಲ. ಅದನ್ನ ಹೇಳೂ ಯೋಗ್ಯತಾ ನನಗಿಲ್ಲ. ಅವರ ಜೀವಾ ಹೋದ ಸೀಟಿನಾಗ ಉಳದಾಂವ ನಾ."

ಅವಳು ಮುಖ ಒರೆಸಿಕೊಂಡಳು. "ನಾನೂ ಉಳದಾಕಿನ. ಇಬ್ಬರದೂ ಒಂದ ಪಾಪ ಆದ್ರ ಇಬ್ಬರೂ ಹೊರೋಣ. ಒಬ್ಬರಿಗೆ ಒಜ್ಜಿ ಆಗೇತಿ."

ಅವನು ತಲೆ ಎತ್ತಿದ. ಅಷ್ಟರಲ್ಲಿ ದೂರದಲ್ಲಿ ಬನ್ನಿಗಿಡ ಕಂಡಿತು. ಅಭ್ಯಾಸ ಬಲದಿಂದ ಅವನು ಅವಳ ಮುಖ ನೋಡಿದ, ದಾಟಿದ ಮೇಲೆ ಹೇಳಬೇಕೆಂದು. ಅವಳ ಕಣ್ಣುಗಳು ತೆರೆದೇ ಇದ್ದವು.

ಫಾಟಾ ಬಂತು. ರಸ್ತೆಯ ಪಕ್ಕ ಯಾರೂ ಇರಲಿಲ್ಲ. ಸುಮಿತ್ರಾ ಕಿಟಕಿಯಿಂದ ಕೈ ಹೊರಗೆ ಚಾಚಿ, ಬನ್ನಿಗಿಡ ಹಿಂದೆ ಸರಿಯುವವರೆಗೂ ಬೀಸಿದಳು.

"ಯಾರಿಗೆ ಕೈ ಮಾಡಿದ್ರಿ?"

"ಅಲ್ಲಿ ಒಬ್ಬಾಕಿ ಮೂರು ವರ್ಷದಿಂದ ನಿಂತಿದ್ದಳ್ರಿ. ಬಸ್ಸು ಹೋತು, ಇನ್ನ ಮನಿಗೆ ಹೋಗವ್ವಾ ಅಂದೆ."

ಶಂಕರೆಪ್ಪನ ಕಣ್ಣು ತುಂಬಿ ಬಂತು. ಅವಳು ಟವೆಲ್ ಮಡಚಿ ಅವನ ತೊಡೆಯ ಮೇಲಿಟ್ಟಳು. ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಶನಿವಾರ ಮನಿಗೆ ಬರ್ರಿ. ಮಗ ಹೆಂಗ ನಕ್ಕ ಅಂತ ಅತ್ತಿ ನಿಮ್ಮ ಬಾಯಿಂದ ಕೇಳಬೇಕು."

"ಅಂಜಿಕಿ ಬರ್ತೈತಿ ಸುಮಿತ್ರಾ." ಅವನು ಮೊದಲ ಸಲ ಹೆಸರು ಹಿಡಿದು ಕರೆದಿದ್ದ.

"ನನಗೂ ಬರ್ತೈತಿ," ಅವಳು ಹೇಳಿದಳು. "ನಾ ನಿಮ್ಮ ಬಾಜೂಕ ಕುಂತಿರ್ತೇನಿ."